ಪರದೆಯಲ್ಲಿ ಕಂಡದ್ದು, ಪುಟದಲ್ಲಿ ಸಿಕ್ಕಿದ್ದು

(ಸಂಘದ ವಾರ್ಷಿಕ ಸಮಾವೇಶದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



‘ಹೆಣ್ಣು ಮತ್ತು ಓದು’ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಪದಾಧಿಕಾರಿಗಳು ಕೇಳಿದರು. ಈ ವಿಷಯದ ಮೇಲೆ ನಮ್ಮ ವೇದಿಕೆಗಳಲ್ಲಿ ಸಾಕಷ್ಟು ಭಾಷಣಗಳಾಗಿವೆ. ವಿದ್ಯೆಯ ಮಹತ್ವ ಹೇಳುವ ಮಾತುಗಳೆಲ್ಲ ನಿಮಗೆ ಬಾಯಿಪಾಠವಾಗಿವೆ. ಆದ್ದರಿಂದ ಅವನ್ನೇ ಮತ್ತೆ ಹೇಳದೆ, ಒಂದು ಕಾದಂಬರಿಯನ್ನು ಓದಿದಾಗ ನನಗೇನಾಯಿತು ಎಂಬುದನ್ನು ಹೇಳುತ್ತೇನೆ. ಮೊದಲೇ ಒಂದು ತಪ್ಪೊಪ್ಪಿಗೆ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದವಳಾಗಿಯೂ ಆ ಕಾದಂಬರಿಯನ್ನು ನಾನು ಬಹಳ ವರ್ಷ ಓದಿರಲಿಲ್ಲ. ಟಿ.ವಿ. ಧಾರಾವಾಹಿ ನೋಡಿದ ಮೇಲೆ ಓದಿದೆ. ‘ಮೊದಲು ಪುಸ್ತಕ ಓದಿ, ಆಮೇಲೆ ಸಿನಿಮಾ ನೋಡಿ’ ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದವಳು ನಾನು!

2020ರ ಲಾಕ್‌ಡೌನ್ ದಿನಗಳಲ್ಲಿ ನನ್ನ ತಂಗಿಯ ಮಗಳು ನಮ್ಮ ಮನೆಯಲ್ಲಿಯೇ ಉಳಿಯಬೇಕಾಯಿತು. ಒಂದು ರಾತ್ರಿ, “ಖಾಲಾ, ಇದನ್ನು ನೀವು ನೋಡಲೇಬೇಕು” ಎಂದು ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. ಅದು ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಎಂಬ ಅಮೆರಿಕದ ಧಾರಾವಾಹಿ. 2017ರಲ್ಲಿ ಆರಂಭವಾಗಿ, ಆರು ಸೀಸನ್ ನಡೆದು, 2025ರಲ್ಲಿ ಮುಗಿಯಿತು. ಮೊದಲ ಸೀಸನ್ನಿನ ಹತ್ತು ಕಂತುಗಳನ್ನು ನಾವಿಬ್ಬರೂ ನಾಲ್ಕೇ ರಾತ್ರಿಗಳಲ್ಲಿ ನೋಡಿದೆವು. ಕೆಂಪು ನಿಲುವಂಗಿ, ತಲೆಗೆ ಅಕ್ಕಪಕ್ಕ ಕಾಣದಂತೆ ಮುಖ ಮುಚ್ಚುವ ಬಿಳಿ ಟೋಪಿ, ಇಬ್ಬಿಬ್ಬರಾಗಿ ತಲೆ ತಗ್ಗಿಸಿ ನಡೆಯುವ ಹೆಣ್ಣುಗಳು, ಗೋಡೆಗೆ ತೂಗುವ ಹೆಣಗಳು. ಕಂತು ಮುಗಿದ ಮೇಲೆ ಎದ್ದು ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಿ ಬಂದದ್ದುಂಟು. ಹಾಗೆಯೇ, ‘ಸದ್ಯ, ಇದು ನಮ್ಮ ಕತೆಯಲ್ಲ’ ಎಂದು ಮನಸ್ಸು ಹಗುರ ಮಾಡಿಕೊಂಡು ಮಲಗಿದ್ದೂ ಉಂಟು. ಆ ಎರಡನೆಯ ಭಾವನೆಯೇ ತಪ್ಪು ಎಂದು ತಿಳಿದದ್ದು ಕಾಲೇಜು ತೆರೆದ ಮೇಲೆ ಗ್ರಂಥಾಲಯದಿಂದ ಪುಸ್ತಕ ತಂದು ಓದಿದಾಗ.

ಕತೆಯ ಹೊರಮೈ ಸ್ವಲ್ಪ ಹೇಳಿಬಿಡುತ್ತೇನೆ. ಬರೆದವರು ಕೆನಡಾದ ಲೇಖಕಿ ಮಾರ್ಗರೆಟ್ ಆಟ್‌ವುಡ್. 1984ರಲ್ಲಿ, ಗೋಡೆಯಿಂದ ಸುತ್ತುವರಿದಿದ್ದ ಪಶ್ಚಿಮ ಬರ್ಲಿನ್ ನಗರದಲ್ಲಿದ್ದಾಗ ಬರೆಯಲು ತೊಡಗಿದರು. 1985ರಲ್ಲಿ ಪ್ರಕಟವಾಯಿತು. 1990ರಲ್ಲಿ ಸಿನಿಮಾ ಕೂಡ ಆಯಿತು. ಅಮೆರಿಕದಲ್ಲಿ ಸರಕಾರವನ್ನು ಉರುಳಿಸಿ ‘ಗಿಲಿಯಡ್’ ಎಂಬ ಹೊಸ ರಾಜ್ಯ ಸ್ಥಾಪನೆಯಾಗಿದೆ. ಬೈಬಲ್ಲಿನ ಹೆಸರು ಹೇಳಿ ಆಳುವ ರಾಜ್ಯ ಅದು. ಜನನ ಪ್ರಮಾಣ ಕುಸಿದಿದೆ. ಮಕ್ಕಳನ್ನು ಹೆರಬಲ್ಲ ಹೆಂಗಸರನ್ನು ಹಿಡಿದು ತಂದು, ಮಕ್ಕಳಿಲ್ಲದ ಅಧಿಕಾರಿಗಳ ಮನೆಗಳಿಗೆ ಹೆರುವ ದಾಸಿಯರನ್ನಾಗಿ ಹಂಚುತ್ತಾರೆ. ಬೈಬಲ್ಲಿನಲ್ಲಿ ರಾಹೇಲಳು ತನ್ನ ದಾಸಿ ಬಿಲ್ಹಾಳನ್ನು ಗಂಡನಿಗೆ ಒಪ್ಪಿಸಿದ ಪ್ರಸಂಗವೇ ಇದಕ್ಕೆ ಅವರು ತೋರಿಸುವ ಆಧಾರ. ಅಂಥ ಒಬ್ಬ ದಾಸಿ ತನ್ನ ಕತೆಯನ್ನು ತಾನೇ ಹೇಳುತ್ತಾಳೆ. ಅವಳನ್ನು ‘ಆಫ್‌ಫ್ರೆಡ್’ ಎಂದು ಕರೆಯುತ್ತಾರೆ. ಅಂದರೆ ಫ್ರೆಡ್ ಎಂಬ ಯಜಮಾನನಿಗೆ ಸೇರಿದವಳು.

ಧಾರಾವಾಹಿಯಲ್ಲಿ ಅವಳಿಗೆ ಸ್ವಂತ ಹೆಸರಿದೆ, ಜೂನ್ ಎಂದು. ಮೊದಲ ಕಂತು ಮುಗಿಯುವಾಗಲೇ ಅವಳು ಅದನ್ನು ನಮಗೆ ಹೇಳುತ್ತಾಳೆ. ಪುಸ್ತಕದಲ್ಲಿ ಕೊನೆಯ ಪುಟದವರೆಗೂ ಅವಳ ನಿಜ ಹೆಸರು ನಮಗೆ ತಿಳಿಯುವುದಿಲ್ಲ. ಪರದೆಯ ಜೂನ್ ಸಿಟ್ಟಿನ ಹೆಣ್ಣು, ಮುಂದಿನ ಸೀಸನ್ನುಗಳಲ್ಲಿ ಹೋರಾಟಗಾರ್ತಿ. ಪುಸ್ತಕದವಳು ನಮ್ಮ ನಿಮ್ಮಂಥವಳು. ಹೆದರುತ್ತಾಳೆ, ಬೇಸರಪಡುತ್ತಾಳೆ, ಗಂಟೆಗಟ್ಟಲೆ ಕೋಣೆಯಲ್ಲಿ ಕುಳಿತು ಹಳೆಯದನ್ನು ನೆನೆಯುತ್ತಾಳೆ. ಧೈರ್ಯವಂತೆ ನಾನಲ್ಲ ಎಂದು ಅವಳಿಗೇ ಗೊತ್ತು. ಪರದೆಯ ಮೇಲೆ ಶಿಕ್ಷೆಗಳು ದೊಡ್ಡದಾಗಿ ಕಾಣುತ್ತವೆ. ಪುಸ್ತಕದಲ್ಲಿ ದೊಡ್ಡದಾಗಿ ಕಾಣುವುದು ಈ ಸ್ಥಿತಿ ಬಂದದ್ದು ಹೇಗೆ ಎಂಬುದು. ನಾನು ಹೇಳಬೇಕೆಂದಿರುವುದೂ ಅದನ್ನೇ.

ಮೊದಲು ಅಧ್ಯಕ್ಷರನ್ನೂ ಸಂಸತ್ತಿನ ಸದಸ್ಯರನ್ನೂ ಗುಂಡಿಟ್ಟು ಕೊಲ್ಲುತ್ತಾರೆ. ತಪ್ಪನ್ನು ಯಾರ ತಲೆಗೆ ಕಟ್ಟುತ್ತಾರೆ ಗೊತ್ತೇ? ಇಸ್ಲಾಮೀ ಮತಾಂಧರ ತಲೆಗೆ. 1985ರ ಪುಸ್ತಕದಲ್ಲಿ ಹೀಗೆ ಸ್ಪಷ್ಟವಾಗಿದೆ. ಧಾರಾವಾಹಿಯಲ್ಲಿ ಬರೀ ‘ಭಯೋತ್ಪಾದಕರು’ ಎಂದಷ್ಟೇ ಬರುತ್ತದೆ. ಆ ಸಾಲನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹೊರಗಿನ ಶತ್ರುವನ್ನು ತೋರಿಸಿ, ಜನ ಆ ಕಡೆ ನೋಡುತ್ತಿರುವಾಗ ಸಂವಿಧಾನವನ್ನು ಬದಿಗಿಡುತ್ತಾರೆ. ಜನ ಬೀದಿಗಿಳಿಯುವುದಿಲ್ಲ. ಮನೆಯಲ್ಲಿ ಟಿ.ವಿ. ನೋಡುತ್ತ, ಯಾರಾದರೂ ಏನಾದರೂ ಮಾಡುತ್ತಾರೆ ಎಂದು ಕಾಯುತ್ತಾರೆ.

ಆಮೇಲೆ ಒಂದು ಬೆಳಿಗ್ಗೆ ಆ ಹೆಣ್ಣುಮಗಳು ಅಂಗಡಿಗೆ ಹೋಗುತ್ತಾಳೆ. ಅವಳ ಕಾರ್ಡು ನಡೆಯುವುದಿಲ್ಲ. ಅದೇ ದಿನ ಕೆಲಸದಿಂದಲೂ ತೆಗೆಯುತ್ತಾರೆ. ಕೆಲಸ ಮಾಡುತ್ತಿದ್ದುದು ಗ್ರಂಥಾಲಯದಲ್ಲಿ. ಸಂಜೆಯ ಹೊತ್ತಿಗೆ ತಿಳಿಯುತ್ತದೆ, ಹೆಂಗಸರ ಖಾತೆಗಳನ್ನೆಲ್ಲ ಸ್ಥಗಿತ ಮಾಡಿದ್ದಾರೆ, ಹೆಂಗಸರು ಇನ್ನು ಆಸ್ತಿ ಹೊಂದುವಂತಿಲ್ಲ, ಹಣವನ್ನು ಗಂಡ ಇಲ್ಲವೇ ಹತ್ತಿರದ ಗಂಡು ನೆಂಟನೇ ಬಳಸಬಹುದು. ನೋಡಿ, ಕೆಂಪು ಬಟ್ಟೆ ಇನ್ನೂ ಬಂದಿಲ್ಲ. ಮೊದಲು ಹೋದದ್ದು ಪಾಸ್‌ಬುಕ್ಕು.

ಅವಳ ಗಂಡ ಲ್ಯೂಕ್ ಕೆಟ್ಟವನಲ್ಲ. ಅವಳನ್ನು ಪ್ರೀತಿಸುತ್ತಾನೆ. ‘ಹೆದರಬೇಡ, ನಿನ್ನನ್ನು ನೋಡಿಕೊಳ್ಳಲು ನಾನಿದ್ದೇನೆ’ ಎಂಬ ಅರ್ಥದ ಮಾತು ಹೇಳುತ್ತಾನೆ. ಪರದೆಯಲ್ಲೂ ಈ ದೃಶ್ಯ ಇದೆ, ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಪುಸ್ತಕದಲ್ಲಿ ಅವಳು ಅದನ್ನು ಬಿಡದೆ ಯೋಚಿಸುತ್ತಾಳೆ. ಇವನಿಗೆ ಇದರಿಂದ ನಿಜಕ್ಕೂ ಬೇಸರವಾಗಿದೆಯೇ, ಇಲ್ಲ ಒಳಗೊಳಗೇ ಹಿತವಾಗಿದೆಯೇ? ನಿನ್ನೆಯವರೆಗೆ ನಾವಿಬ್ಬರೂ ಒಬ್ಬರಿಗೊಬ್ಬರು ಸೇರಿದ್ದೆವು. ಇವತ್ತಿನಿಂದ ನಾನು ಮಾತ್ರ ಇವನಿಗೆ ಸೇರಿದವಳು ಎಂದು ಅವಳಿಗೆ ಅನ್ನಿಸುತ್ತದೆ. ಈ ಸಂಶಯವನ್ನು ಅವನ ಬಳಿ ಕೇಳುವ ಧೈರ್ಯ ಅವಳಿಗಿಲ್ಲ. ಇಡೀ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಅಲ್ಲಾಡಿಸಿದ ಪುಟಗಳು ಇವು. ಗೋಡೆಗೆ ತೂಗಿದ ಹೆಣಗಳೂ ಇಷ್ಟು ಕಾಡಲಿಲ್ಲ.

ಸಹೋದರ ಸಹೋದರಿಯರೇ, ನನ್ನ ನಾನಿಯ ವಿಷಯ ಹೇಳಲು ಅನುಮತಿ ಕೊಡಿ. ನಾನಿಗೆ ಕುರ್‌ಆನ್ ಪಾರಾಯಣ ಚೆನ್ನಾಗಿ ಬರುತ್ತಿತ್ತು. ಕನ್ನಡವಾಗಲಿ ಉರ್ದುವಾಗಲಿ ಓದಲು ಬರುತ್ತಿರಲಿಲ್ಲ. ಔಷಧಿಯನ್ನು ಸೀಸೆಯ ಬಣ್ಣದಿಂದ, ಬಸ್ಸನ್ನು ಕಂಡಕ್ಟರನ ಮುಖದಿಂದ ಗುರುತಿಸುತ್ತಿದ್ದರು. ಅವರ ತಂದೆ ತೀರಿಕೊಂಡ ನಲವತ್ತು ದಿನಗಳೊಳಗೆ ಅಣ್ಣಂದಿರು ಒಂದು ಕಾಗದ ತಂದರು. ಮನೆಯ ಕಂದಾಯಕ್ಕೆ ಬೇಕು ಎಂದರು. ನಾನಿ ಹೆಬ್ಬೆಟ್ಟು ಒತ್ತಿದರು. ಅದು ಹಕ್ಕು ಬಿಡುಗಡೆ ಪತ್ರ ಎಂದು ತಿಳಿದದ್ದು ಹನ್ನೊಂದು ವರ್ಷಗಳ ನಂತರ, ಆ ಮನೆ ಮಾರಾಟವಾದಾಗ. ಅವರು ಜಗಳ ಮಾಡಲಿಲ್ಲ. ಈದ್‌ಗೆ ಅಣ್ಣಂದಿರು ಸೀರೆ ತಂದರೆ ಉಟ್ಟುಕೊಂಡರು. ಒಮ್ಮೆ ಮಾತ್ರ ನನ್ನ ಅಮ್ಮಿಯ ಮುಂದೆ, “ಓದಲು ಬಂದಿದ್ದರೆ ನಾನಾಗಿಯೇ ಕೊಡುತ್ತಿದ್ದೆನೋ ಏನೋ, ಕೇಳಿಯಾದರೂ ತಗೋಬಹುದಿತ್ತು” ಎಂದರಂತೆ. ಆ ಮಾತಿನ ದೆಸೆಯಿಂದಲೇ ಅಮ್ಮಿ ನಮ್ಮನ್ನು ಶಾಲೆ ಬಿಡಿಸಲಿಲ್ಲ.

ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿಗೆ ಸ್ವಂತ ಆಸ್ತಿಯ ಹಕ್ಕನ್ನು ಪೂರ್ಣವಾಗಿ ಕೊಟ್ಟ ಕಾನೂನು ಬಂದದ್ದು 1882ರಲ್ಲಿ, ನಮ್ಮ ಧರ್ಮ ಅದನ್ನು ಏಳನೆಯ ಶತಮಾನದಲ್ಲಿಯೇ ಕೊಟ್ಟಿದೆ ಎಂದು ನಾವು ಇಂಥ ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೇಳುವುದು ಸತ್ಯ. ಮಹರ್ ಅವಳದು, ತಂದೆಯ ಆಸ್ತಿಯಲ್ಲಿ ಪಾಲು ಅವಳದು, ಅವಳ ಗಳಿಕೆಯೂ ಅವಳದೇ. ಆದರೆ ಎಷ್ಟು ಮನೆಗಳಲ್ಲಿ ಮಹರ್ ಬರೀ ನಿಕಾಹ್ ಪುಸ್ತಕದ ಒಂದು ಅಂಕಿಯಾಗಿ ಉಳಿದಿದೆ? ಎಷ್ಟು ಅಕ್ಕತಂಗಿಯರು ‘ತವರು ಮನೆ ಬಾಗಿಲು ಮುಚ್ಚಬಾರದು’ ಎಂದು ಪಾಲು ಬಿಟ್ಟುಕೊಟ್ಟಿದ್ದಾರೆ? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಿಕ್ಷಕಿ. ಸಂಬಳ ಬೀಳುವ ಖಾತೆ ಅವಳ ಹೆಸರಿನಲ್ಲಿದೆ, ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿದೆ. “ಅವರು ತುಂಬಾ ಒಳ್ಳೆಯವರು ಮೇಡಂ, ಕೇಳಿದಾಗಲೆಲ್ಲ ಕೊಡ್ತಾರೆ” ಎಂದಳು. ಒಳ್ಳೆಯವರೇ ಇರಬಹುದು. ಲ್ಯೂಕ್ ಕೂಡ ಒಳ್ಳೆಯವನೇ. ಗಿಲಿಯಡ್‌ಗೆ ಸೈನ್ಯ ಬೇಕಾಯಿತು. ನಮ್ಮಲ್ಲಿ ಒಂದು ಹೆಬ್ಬೆಟ್ಟು ಸಾಕಾಯಿತು.

ಇನ್ನು ಓದಿನ ವಿಷಯಕ್ಕೆ ಬರುತ್ತೇನೆ. ಗಿಲಿಯಡ್‌ನಲ್ಲಿ ದಾಸಿಯರು ಓದುವುದು, ಬರೆಯುವುದು ಅಪರಾಧ. ಅಂಗಡಿಗಳ ಫಲಕಗಳಲ್ಲಿ ಅಕ್ಷರಗಳನ್ನು ತೆಗೆದು ಚಿತ್ರಗಳನ್ನು ಹಾಕಿದ್ದಾರೆ. ನಾನಿಯ ಔಷಧಿ ಸೀಸೆಯ ಬಣ್ಣ ನನಗೆ ನೆನಪಾದದ್ದು ಇಲ್ಲಿ. ಆಫ್‌ಫ್ರೆಡ್‌ಳ ಕೋಣೆಯಲ್ಲಿ ಒಂದು ದಿಂಬಿದೆ. ಅದರ ಮೇಲೆ ‘ನಂಬಿಕೆ’ ಎಂಬ ಅರ್ಥದ ಒಂದೇ ಒಂದು ಇಂಗ್ಲಿಷ್ ಪದದ ಕಸೂತಿ. ಅವಳಿಗೆ ಓದಲು ಉಳಿದಿರುವುದು ಅದೊಂದೇ. ಅದನ್ನೇ ಮತ್ತೆ ಮತ್ತೆ ಓದುತ್ತಾಳೆ. ಯಜಮಾನ ಒಂದು ರಾತ್ರಿ ಗುಟ್ಟಾಗಿ ತನ್ನ ಕೋಣೆಗೆ ಕರೆಸುತ್ತಾನೆ. ಏನು ಮಾಡುವನೋ ಎಂದು ಹೆದರಿ ಹೋದರೆ, ಅಕ್ಷರಗಳನ್ನು ಜೋಡಿಸುವ ‘ಸ್ಕ್ರ್ಯಾಬಲ್’ ಆಟ ಆಡಲು ಕೇಳುತ್ತಾನೆ. ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಆಡುವ ಆಟ. ಅವಳ ಪಾಲಿಗೆ ಆ ಅಕ್ಷರದ ಬಿಲ್ಲೆಗಳು ಮಿಠಾಯಿಯ ಹಾಗೆ, ಬಾಯಿಗೆ ಹಾಕಿಕೊಳ್ಳುವ ಆಸೆ. ಈ ಆಟ ಪರದೆಯ ಮೇಲೂ ಇದೆ. ಆದರೆ ಅಕ್ಷರದ ಹಸಿವು ಎಂದರೇನು ಎಂಬುದು ಅಕ್ಷರದಲ್ಲಿ ಓದಿದಾಗಲೇ ತಿಳಿಯುವುದು.

ಆ ಮನೆಯಲ್ಲಿ ಬೈಬಲ್ ಇದೆ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ಯಜಮಾನನಲ್ಲಿ. ಅವನು ತೆಗೆದು ಓದುತ್ತಾನೆ, ಹೆಂಗಸರು ಕೇಳಬೇಕು. ದಾಸಿಯರ ತರಬೇತಿ ಕೇಂದ್ರದಲ್ಲಿ ಯೇಸುವಿನ ಗಿರಿಪ್ರಸಂಗವನ್ನು ಧ್ವನಿಮುದ್ರಣದಲ್ಲಿ ಕೇಳಿಸುತ್ತಾರೆ. ಅದರಲ್ಲಿ ಮೌನವಾಗಿರುವವರನ್ನು ಹೊಗಳುವ ಒಂದು ಮಾತನ್ನು ಇವರೇ ಹೊಸೆದು ಸೇರಿಸಿದ್ದಾರೆ. ಇದು ಮೂಲದಲ್ಲಿ ಇಲ್ಲ ಎಂದು ಅವಳಿಗೆ ಗೊತ್ತು. ಆದರೆ ತೆಗೆದು ನೋಡಿ, ‘ಇಗೋ, ಇಲ್ಲಿ ಹಾಗಿಲ್ಲ’ ಎಂದು ತೋರಿಸಲು ಪುಸ್ತಕ ಕೈಯಲ್ಲಿಲ್ಲ. ಇನ್ನೊಂದು ತಲೆಮಾರು ಕಳೆದರೆ ‘ಹಾಗಿಲ್ಲ’ ಎಂದು ತಿಳಿದವರೂ ಉಳಿಯುವುದಿಲ್ಲ. ಓದನ್ನು ಏಕೆ ನಿಷೇಧಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಸರಳ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇದು ಬರೀ ಕಲ್ಪನೆ ಎನ್ನಬೇಡಿ. ಮನುಷ್ಯರು ಎಲ್ಲಿಯೋ, ಎಂದೋ ಆಗಲೇ ಮಾಡಿರದ ಯಾವ ಕೃತ್ಯವನ್ನೂ ಈ ಕಾದಂಬರಿಯಲ್ಲಿ ಸೇರಿಸುವುದಿಲ್ಲ ಎಂಬ ನಿಯಮವನ್ನು ಆಟ್‌ವುಡ್ ಹಾಕಿಕೊಂಡಿದ್ದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದನ್ನು ತಡೆಯುವ ಕಾನೂನುಗಳಿದ್ದವು. ರುಮೇನಿಯದ ಚೌಷೆಸ್ಕು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿ, ಹೆಂಗಸರು ಹೆರಲೇಬೇಕೆಂದು ಒತ್ತಾಯ ಹೇರಿದ. ಅರ್ಜೆಂಟೀನದಲ್ಲಿ 1976ರಿಂದ 1983ರವರೆಗೆ ನಡೆದ ಮಿಲಿಟರಿ ಆಡಳಿತ ಬಂಧಿತ ತಾಯಂದಿರ ಕೂಸುಗಳನ್ನು ಕಸಿದು ಬೇರೆಯವರಿಗೆ ಕೊಟ್ಟಿತು.

ಪುಸ್ತಕ ಬಂದ ಮೇಲೂ ಇದು ನಿಂತಿಲ್ಲ. ಅಫ್ಘಾನಿಸ್ತಾನದಲ್ಲಿ 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮತ್ತೆ ಬಂತು. 2022ರ ಮಾರ್ಚ್ 23ರಂದು ಹೈಸ್ಕೂಲು ತೆರೆಯುತ್ತದೆ ಎಂದು ನಂಬಿ ಚೀಲ ಹೆಗಲಿಗೇರಿಸಿ ಬಂದ ಹುಡುಗಿಯರನ್ನು ಅದೇ ದಿನ ಮನೆಗೆ ಕಳಿಸಿದರು. ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಬಾಗಿಲನ್ನೂ ಮುಚ್ಚಿದರು. ‘ಓದು’, ‘ಇಕ್ರಅ್’ ಎಂಬುದೇ ಮೊದಲ ದಿವ್ಯವಾಣಿಯ ಮೊದಲ ಪದವಾಗಿರುವ ಧರ್ಮದ ಹೆಸರಿನಲ್ಲಿ ಇದನ್ನು ಮಾಡಿದರು. ಬೇರೆಯವರು ನಮ್ಮ ಕಡೆ ಬೆರಳು ತೋರಿಸುತ್ತಾರೆ ಎಂಬ ಅಂಜಿಕೆಯಿಂದ ನಾವು ಈ ಮಾತನ್ನು ತಗ್ಗಿದ ದನಿಯಲ್ಲಿ ಹೇಳುತ್ತೇವೆ. ತಗ್ಗಿಸಬೇಕಾಗಿಲ್ಲ. ಆ ಹುಡುಗಿಯರ ಪರವಾಗಿ ಎಲ್ಲರಿಗಿಂತ ಮೊದಲು ಮಾತನಾಡಬೇಕಾದವರು ನಾವು.

ಹಾಗಾದರೆ ಇದು ಧರ್ಮದ ವಿರುದ್ಧ ಬರೆದ ಪುಸ್ತಕವೇ? ಅಲ್ಲ. ಧರ್ಮವನ್ನು ಮುಖವಾಡ ಮಾಡಿಕೊಂಡ ದಬ್ಬಾಳಿಕೆಯ ವಿರುದ್ಧ ಬರೆದದ್ದು ಎಂದು ಆಟ್‌ವುಡ್ ಅವರೇ ಸ್ಪಷ್ಟಪಡಿಸಿದ್ದಾರೆ. ಗಿಲಿಯಡ್‌ನಲ್ಲಿ ಪಾದ್ರಿಗಳನ್ನೂ ನೇಣಿಗೆ ಹಾಕುತ್ತಾರೆ. ಓಡಿಹೋಗುವ ಹೆಂಗಸರಿಗೆ ಗುಟ್ಟಾಗಿ ಆಸರೆ ಕೊಡುವವರಲ್ಲಿ ಕ್ವೇಕರ್ ಪಂಥದ ದೈವಭಕ್ತರಿದ್ದಾರೆ. ಆಫ್‌ಫ್ರೆಡ್ ಕೂಡ ತನ್ನದೇ ಮಾತಿನಲ್ಲಿ ದೇವರನ್ನು ಪ್ರಾರ್ಥಿಸುತ್ತಾಳೆ. ಪುಸ್ತಕದ ಮೊದಲಿಗೆ ಕೊಟ್ಟಿರುವ ಮೂರು ಉಲ್ಲೇಖಗಳಲ್ಲಿ ಒಂದು ಸೂಫಿ ಗಾದೆ. ಯಾರಿಗೂ ಬೇಡವಾದದ್ದನ್ನು ನಿಷೇಧಿಸುವ ಅಗತ್ಯ ಯಾರಿಗೂ ಬೀಳುವುದಿಲ್ಲ ಎಂಬುದು ಅದರ ಸಾರ. ಹೆಣ್ಣುಮಕ್ಕಳ ಓದಿಗೆ ಬೀಗ ಹಾಕುವವರಿದ್ದಾರೆ ಎಂದರೆ, ಆ ಹೆಣ್ಣುಮಕ್ಕಳಿಗೆ ಓದಬೇಕೆಂಬ ಆಸೆ ಎಷ್ಟಿರಬೇಕು!

ಉಡುಪಿನ ಬಗ್ಗೆಯೂ ಎರಡು ಮಾತು. ಪುಸ್ತಕದಲ್ಲಿ ಒಂದು ಸಣ್ಣ ಪ್ರಸಂಗವಿದೆ. ಗಿಡ್ಡ ಲಂಗ ತೊಟ್ಟ ಜಪಾನಿ ಪ್ರವಾಸಿ ಹೆಂಗಸರು ಕೆಂಪು ನಿಲುವಂಗಿಯ ದಾಸಿಯರನ್ನು ಕುತೂಹಲದಿಂದ ನೋಡುತ್ತಾರೆ. ದುಭಾಷಿಯ ಮೂಲಕ, ‘ನೀವು ಸಂತೋಷವಾಗಿದ್ದೀರಾ?’ ಎಂದು ಕೇಳಿಸುತ್ತಾರೆ. ಅವಳು ಹೌದು ಎನ್ನುತ್ತಾಳೆ. ಬೇರೆ ಏನು ಹೇಳಲು ಸಾಧ್ಯ? ಧಾರಾವಾಹಿಯಲ್ಲಿ ಪ್ರವಾಸಿಗಳ ಬದಲು ಮೆಕ್ಸಿಕೋದಿಂದ ಬಂದ ಮಹಿಳಾ ರಾಯಭಾರಿ ಈ ಪ್ರಶ್ನೆ ಕೇಳುತ್ತಾರೆ, ಯಜಮಾನರೆಲ್ಲ ಕುಳಿತಿರುವ ಕೋಣೆಯಲ್ಲಿ. ಅಧಿಕಾರ ಇರುವವರ ಎದುರಿಗೆ ನಿಲ್ಲಿಸಿ ಕೇಳಿದರೆ ಹೆಣ್ಣಿನಿಂದ ಉತ್ತರ ಬರುವುದಿಲ್ಲ, ಅವರಿಗೆ ಬೇಕಾದ ಮಾತು ಬರುತ್ತದೆ.

ಇರಾನಿನಲ್ಲಿ 1936ರಲ್ಲಿ ರೆಜಾ ಶಾ ಆಜ್ಞೆಯಂತೆ ಪೊಲೀಸರು ಬೀದಿಯಲ್ಲಿ ಹೆಂಗಸರ ಚಾದರವನ್ನು ಎಳೆದು ತೆಗೆದರು. ಮರ್ಯಾದೆಗೆ ಅಂಜಿ ಎಷ್ಟೋ ಹೆಂಗಸರು ಮನೆಯಿಂದ ಹೊರಬರುವುದನ್ನೇ ಬಿಟ್ಟರು. ಅದೇ ದೇಶದಲ್ಲಿ 1979ರ ಕ್ರಾಂತಿಯ ನಂತರ ತಲೆ ಮುಚ್ಚುವುದು ಕಡ್ಡಾಯವಾಗಿ, 1983ರಲ್ಲಿ ಕಾನೂನೇ ಆಯಿತು. ತೆಗೆಸಿದ್ದೂ ಪೊಲೀಸರು, ಹಾಕಿಸಿದ್ದೂ ಪೊಲೀಸರು. 2022ರ ಸೆಪ್ಟೆಂಬರ್‌ನಲ್ಲಿ ಟೆಹರಾನ್‌ನಲ್ಲಿ ಹಿಜಾಬ್ ಸರಿಯಾಗಿಲ್ಲ ಎಂದು ಹಿಡಿದೊಯ್ದ 22 ವರ್ಷದ ಮಹ್ಸಾ ಅಮೀನಿ ಬಂಧನದಲ್ಲಿ ಪ್ರಜ್ಞೆ ತಪ್ಪಿ, ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಳು. ಅದೇ ವರ್ಷ ನಮ್ಮ ಕರ್ನಾಟಕದಲ್ಲಿ ಹಿಜಾಬ್ ಹಾಕಿದ್ದಕ್ಕೆ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಂತರು. ಫೆಬ್ರುವರಿ 5ರಂದು ಸರಕಾರದ ಆದೇಶ, ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ನೀವೆಲ್ಲ ಅದನ್ನು ಕಂಡವರು. ಇವೆರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ನ್ಯಾಯಾಲಯದ ಬಾಗಿಲು ತಟ್ಟಲು ಸಾಧ್ಯವಾಯಿತು. ಆದರೆ ಎರಡೂ ಕಡೆ ಗಲಾಟೆಯೆಲ್ಲ ಬಟ್ಟೆಯ ಸುತ್ತಲೇ ನಡೆಯಿತು. ಆ ಹುಡುಗಿಯ ಪಾಠ ಎಲ್ಲಿಗೆ ನಿಂತಿತ್ತು, ಪರೀಕ್ಷೆ ಯಾವಾಗ ಎಂದು ಕೇಳಿದವರು ಕಡಿಮೆ.

ಪುಸ್ತಕದ ಕೊನೆಗೆ ಒಂದು ವಿಚಿತ್ರ ಅಧ್ಯಾಯವಿದೆ. ಧಾರಾವಾಹಿಯ ಮೊದಲ ಸೀಸನ್ನಿನಲ್ಲಿ ಇದು ಇಲ್ಲ. ಕಾಲ 2195. ಗಿಲಿಯಡ್ ಅಳಿದುಹೋಗಿದೆ. ಒಂದು ವಿಚಾರ ಸಂಕಿರಣದಲ್ಲಿ ಪ್ರೊಫೆಸರರೊಬ್ಬರು ಪ್ರಬಂಧ ಓದುತ್ತಾರೆ. ಈ ಕತೆ ಅವರಿಗೆ ಸಿಕ್ಕಿದ್ದು ಒಂದು ಪೆಟ್ಟಿಗೆಯಲ್ಲಿದ್ದ ಸುಮಾರು ಮೂವತ್ತು ಕ್ಯಾಸೆಟ್ಟುಗಳಲ್ಲಿ. ಬರೆಯುವುದು ನಿಷೇಧವಾಗಿದ್ದವಳು ಬಾಯಲ್ಲಿ ಹೇಳಿ ಉಳಿಸಿದ್ದಾಳೆ. ಪ್ರೊಫೆಸರರು ಅಲ್ಲಲ್ಲಿ ತಮಾಷೆ ಮಾಡುತ್ತಾರೆ, ಸಭಿಕರು ನಗುತ್ತಾರೆ. ಅವರ ಶ್ರಮವೆಲ್ಲ ಆ ಯಜಮಾನ ಯಾರಿದ್ದಿರಬಹುದು ಎಂದು ಕಂಡುಹಿಡಿಯುವುದಕ್ಕೆ ವ್ಯಯವಾಗಿದೆ. ಅವಳು ಆಡಳಿತದ ಬಗ್ಗೆ ಇನ್ನಷ್ಟು ಮಾಹಿತಿ ಕೊಡಬಹುದಿತ್ತು ಎಂಬ ಅಸಮಾಧಾನ ಬೇರೆ. ಅಷ್ಟು ನೋವುಂಡು ಹೇಳಿದವಳು ಅವರಿಗೆ ಬರೀ ಒಂದು ದಾಖಲೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಲ್ಲಿ ನಾಚಿಕೆಯಾಯಿತು. ಎಷ್ಟು ಕತೆಗಳನ್ನು ಐದು ಅಂಕದ ಪ್ರಶ್ನೆ, ಹತ್ತು ಅಂಕದ ಪ್ರಶ್ನೆ ಎಂದು ಓದಿಸಿದ್ದೇನೋ!

ಈ ಕಾದಂಬರಿ ಮುಗಿಸಿದ ಮೇಲೆ ನಾನು ಇನ್ನೊಂದು ಕತೆಯನ್ನು ಹುಡುಕಿ ಓದಿದೆ. ಬಂಗಾಳದ ರುಕಿಯಾ ಸಖಾವತ್ ಹುಸೇನ್ 1905ರಲ್ಲಿ ಇಂಗ್ಲಿಷಿನಲ್ಲಿ ಬರೆದ ‘ಸುಲ್ತಾನಾಸ್ ಡ್ರೀಮ್’. ಮದ್ರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅಲ್ಲಿ ಎಲ್ಲವೂ ಅದಲುಬದಲು. ಗಂಡಸರು ಮನೆಯೊಳಗೆ, ಹೆಂಗಸರು ಬಿಸಿಲಿನ ಶಾಖವನ್ನು ಹಿಡಿದು ಬಳಸುವ ವಿಜ್ಞಾನ ಕಲಿತು ದೇಶ ಆಳುತ್ತಾರೆ. ಬರೆದವರು ಶಾಲೆಗೆ ಹೋಗಿರಲಿಲ್ಲ. ಮನೆಯವರು ಮಲಗಿದ ಮೇಲೆ ಅಣ್ಣ ಅವರಿಗೆ ಅಕ್ಷರ ಕಲಿಸಿದರು. 1911ರಲ್ಲಿ ಕಲ್ಕತ್ತೆಯಲ್ಲಿ ಎಂಟು ಹುಡುಗಿಯರಿಂದ ಅವರು ಶುರುಮಾಡಿದ ಶಾಲೆ ದೊಡ್ಡದಾಗಿ ಬೆಳೆಯಿತು. ಒಬ್ಬ ಅಣ್ಣ ಕಾಗದ ತಂದು ಹೆಬ್ಬೆಟ್ಟು ಒತ್ತಿಸಿಕೊಂಡ, ಇನ್ನೊಬ್ಬ ಅಣ್ಣ ರಾತ್ರಿ ದೀಪ ಹಚ್ಚಿ ಅಕ್ಷರ ಕಲಿಸಿದ. ಈ ಸಭೆಯಲ್ಲಿರುವ ಅಣ್ಣಂದಿರು, ತಂದೆಯರು, ಗಂಡಂದಿರು ಇಬ್ಬರಲ್ಲಿ ಯಾರಾಗಬೇಕೆಂದು ಯೋಚಿಸಬೇಕು.

ಕೊನೆಯದಾಗಿ ನನ್ನ ವಿನಂತಿ ಮೂರೇ. ವಿದ್ಯಾರ್ಥಿನಿಯರೇ, ನಿಮ್ಮ ಹೆಸರಿನ ಪಾಸ್‌ಬುಕ್ಕು ನಿಮ್ಮ ಕಪಾಟಿನಲ್ಲಿರಲಿ. ನಿಕಾಹ್ ಪುಸ್ತಕವಿರಲಿ, ಆಸ್ತಿಯ ಕಾಗದವಿರಲಿ, ಕೊನೆಯ ಸಾಲಿನವರೆಗೆ ಓದದೆ ಸಹಿ ಹಾಕಬೇಡಿ. ಕುರ್‌ಆನನ್ನು ಪಾರಾಯಣದ ಜೊತೆಗೆ ಅರ್ಥಸಹಿತ ಓದಿ, ಕನ್ನಡದಲ್ಲಿ ಅನುವಾದಗಳಿವೆ. ಯಾರಾದರೂ ನಿಮ್ಮ ಮುಂದೆ ಅದರ ಹೆಸರಿನಲ್ಲಿ ಏನಾದರೂ ಹೇಳಿದಾಗ, ‘ಎಲ್ಲಿದೆ, ತೋರಿಸಿ’ ಎಂದು ಅದಬಿನಿಂದಲೇ ಕೇಳುವಷ್ಟು ನಿಮಗೆ ಗೊತ್ತಿರಲಿ. ಸಂಘದ ಹಿರಿಯರಲ್ಲಿ ಒಂದು ಕೋರಿಕೆ: ನಮ್ಮ ಗ್ರಂಥಾಲಯದಲ್ಲಿ ಹೆಣ್ಣುಮಕ್ಕಳಿಗೆ ವಾರಕ್ಕೆ ಒಂದೇ ದಿನ, ಅದೂ ಎರಡೇ ಗಂಟೆ ಅವಕಾಶವಿದೆ. ದಯವಿಟ್ಟು ಅದನ್ನು ಪ್ರತಿದಿನ ಮಾಡಿ. ಬೀಗದ ಕೈ ಅವರ ಕೈಯಲ್ಲೂ ಒಂದು ಇರಲಿ.

 ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನು ಕರುಣಿಸಲಿ, ಆಮೀನ್.